ಮುಗಿಲ ಮರೆಯಲ್ಲಿ ದಿಗ್ಭ್ರಮೆ

ಹತ್ತನೆಯ ತರಗತಿಯಲ್ಲಿ ಸಮಾಸಪ್ರಕರಣವನ್ನು ಬೋಧಿಸುತ್ತಿದ್ದಾಗ ‘ದಿಙ್ಮೂಢ’ ಎಂಬ ಶಬ್ದ ಬಂದಿತು. ದಿಕ್ಕುಗಳ ವಿಷಯದಲ್ಲಿ ಮೂಢನಾದವನು, ಅರ್ಥಾತ್ ಯಾವುದು ಮೂಡಲು, ಯಾವುದು ಪಡುವಲು ಎಂಬುದನ್ನು ಅರಿಯದವನು ದಿಙ್ಮೂಢನೆಂದು ಅರ್ಥ ಹೇಳಿದೆನು. ಆಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಗುರುಗಳೇ, ಮೇಲು ಯಾವುದು ಕೆಳಗು ಯಾವುದು ಎಂಬುದೂ ತಿಳಿಯದಂತಾದವನನ್ನು ಏನೆಂದು ಕರೆಯಬೇಕು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಅನಂತರ ಯೋಚಿಸಿದಾಗ ಅದು ನಗುವ ಮಾತಲ್ಲವೆಂದು ತೋರಿತು. ನಮ್ಮ ಪೂರ್ವಿಕರು ದಿಕ್ಕುಗಳನ್ನು ಎಂಟೆಂದು ಎಣಿಸಿ ಅಲ್ಲಿಗೇ ನಿಲ್ಲಿಸಲಿಲ್ಲ. ಊರ್ಧ್ವ, ಅಧಃ ಎಂಬ ಎರಡನ್ನೂ ಕೂಡಿಸಿ ದಶದಿಕ್ಕುಗಳೆಂದರು. ನೆಲದ ಮೇಲೆ ನಡೆಯುವವನು ಎಂಟರಲ್ಲಿ ತಪ್ಪಬಹುದು. ಕೊನೆಯ ಎರಡರಲ್ಲಿ ತಪ್ಪುವುದು ಅಪರೂಪ. ಆಕಾಶದಲ್ಲಿ ಹಾರುವವನಿಗಾದರೋ ಹತ್ತರಲ್ಲಿಯೂ ತಪ್ಪುವ ಸಂಭವವುಂಟು. ಆ ತಪ್ಪು ಹೇಗೆ ಒದಗುತ್ತದೆ, ಒದಗಿದಾಗ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ. ವ್ಯಾಕರಣದ ಪಂಡಿತನಿಗೆ ವಿಮಾನದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಪ್ರಮಾಣಶಾಸ್ತ್ರವನ್ನು ಓದಿದವರಿಗೆ ಇದು ಅಷ್ಟೇನೂ ಪರಕೀಯ ವಿಷಯವಲ್ಲವೆಂಬುದು ಮುಂದೆ ತಿಳಿದುಬರುವುದು.

ಮೋಡವೆಂದರೆ ಕವಿಗಳಿಗೆ ಬಹು ಪ್ರಿಯವಾದ ವಸ್ತು. ಕಾಳಿದಾಸನು ಅದನ್ನು ದೂತನನ್ನಾಗಿ ಮಾಡಿಕೊಂಡು ಒಂದು ಕಾವ್ಯವನ್ನೇ ರಚಿಸಿದನು. ಬರಗಾಲದ ಸೀಮೆಯ ರೈತನಿಗೆ ಅದು ಕಣ್ಣಿಗೆ ಕಂಡ ದೇವರು. ಆದರೆ ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ, ಕಣ್ಣನ್ನೇ ನಂಬಿ ಹಾರುವವನಿಗೆ ಅದೇ ಮೋಡವು ಬೆಳ್ಳನೆಯ ಗೋಡೆ. ಆ ಗೋಡೆಯೊಳಕ್ಕೆ ಹೋಗುವುದು ಕಷ್ಟವಲ್ಲ. ಅಲ್ಲಿಯೇ ಇರುವುದು ಅಪಾಯ.

ವಿಮಾನವನ್ನು ಹಾರಿಸುವ ಕ್ರಮಗಳು ಎರಡು. ಮೊದಲನೆಯದು ದೃಷ್ಟಿಕ್ರಮ: ಚಾಲಕನು ಕಿಟಕಿಯಿಂದ ಹೊರಗೆ ನೋಡುತ್ತ, ದೂರದ ದಿಗಂತರೇಖೆಗೆ ವಿಮಾನದ ಮೂತಿಯನ್ನೂ ರೆಕ್ಕೆಗಳನ್ನೂ ಹೋಲಿಸಿಕೊಳ್ಳುತ್ತ, ಕೆಳಗಿನ ನದಿ ರಸ್ತೆ ಊರುಗಳ ಗುರುತು ಹಿಡಿದು ಹಾರುವುದು. ಎರಡನೆಯದು ಉಪಕರಣಕ್ರಮ: ಹೊರಗೆ ಏನೊಂದೂ ಕಾಣದಿದ್ದರೂ ಎದುರಿನ ಫಲಕದಲ್ಲಿರುವ ಮಾಪಕಗಳನ್ನೇ ನೋಡುತ್ತ ಹಾರುವುದು. ಇದಕ್ಕೆ ಪ್ರತ್ಯೇಕವಾದ ಶಿಕ್ಷಣವೂ ಪರೀಕ್ಷೆಯೂ ಅರ್ಹತಾಪತ್ರವೂ ಬೇಕು. ಮೊದಲನೆಯ ಕ್ರಮವನ್ನು ಮಾತ್ರ ಕಲಿತವನು ಮೋಡದೊಳಕ್ಕೆ ಹೋಗಕೂಡದೆಂಬುದು ಎಲ್ಲ ದೇಶಗಳಲ್ಲಿಯೂ ಇರುವ ನಿಯಮ. ಹೋಗಕೂಡದೆಂದಷ್ಟೇ ಅಲ್ಲ, ಅದರಿಂದ ದೂರದಲ್ಲಿರಬೇಕು. ನಮ್ಮ ದೇಶದಲ್ಲಿ ಹತ್ತು ಸಾವಿರ ಅಡಿಗಳಿಗಿಂತ ಕೆಳಗೆ ದೃಷ್ಟಿಕ್ರಮದಲ್ಲಿ ಹಾರುವವನಿಗೆ ಸಾಮಾನ್ಯವಾಗಿ ೫ ಕಿಲೋಮೀಟರು ದೂರ ನಿಚ್ಚಳವಾಗಿ ಕಾಣುತ್ತಿರಬೇಕು. ಮೋಡದಿಂದ ಅಡ್ಡಲಾಗಿ ೧,೫೦೦ ಮೀಟರು, ಮೇಲೆ ಕೆಳಗೆ ೩೦೦ ಮೀಟರು ಅಂತರವಿರಬೇಕು. ರಾತ್ರಿಯ ವೇಳೆ ಇಂತಹ ಹಾರಾಟಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಅಮೆರಿಕೆಯಲ್ಲಿ ಅವಕಾಶವಿದೆ. ಮುಂದೆ ಹೇಳಲಿರುವ ಎರಡು ದುರಂತಗಳು ಅಲ್ಲಿ, ಮತ್ತು ರಾತ್ರಿಯಲ್ಲಿ, ನಡೆದವು.

ಇಷ್ಟು ಕೇಳಿದವರಿಗೆ ಒಂದು ಸಂಶಯ ಸಹಜವಾಗಿ ಹುಟ್ಟುತ್ತದೆ. ಕಣ್ಣು ಮುಚ್ಚಿಕೊಂಡರೂ ನಾವು ನಿಂತಿದ್ದೇವೆಯೇ ಮಲಗಿದ್ದೇವೆಯೇ ಎಂಬುದು ನಮಗೆ ತಿಳಿಯುತ್ತದೆಯಷ್ಟೆ. ಹಾಗಿರುವಲ್ಲಿ ಮೋಡದೊಳಗೆ ಕಣ್ಣು ಕಾಣದಿದ್ದರೇನು, ವಿಮಾನ ವಾಲಿತೆಂಬುದು ಮೈಗೆ ತಿಳಿಯದೆ? ತಿಳಿಯುವುದಿಲ್ಲ ಎಂಬುದೇ ಉತ್ತರ. ಈ ಉತ್ತರ ಎಷ್ಟು ವಿಚಿತ್ರವಾದುದೆಂದರೆ, ವಿಮಾನವು ಹುಟ್ಟಿ ಇಪ್ಪತ್ತು ವರ್ಷಗಳಾದರೂ ನುರಿತ ಚಾಲಕರೇ ಇದನ್ನು ಒಪ್ಪಲು ಸಿದ್ಧರಿರಲಿಲ್ಲ.

ನಮ್ಮ ಒಳಗಿವಿಯಲ್ಲಿ ಮೂರು ಅರ್ಧವರ್ತುಲ ನಾಳಗಳಿವೆ. ಒಂದು ತಲೆಯಾಡಿಸುವ ಚಲನೆಗೆ, ಒಂದು ಪಕ್ಕಕ್ಕೆ ತಿರುಗುವುದಕ್ಕೆ, ಒಂದು ಹೆಗಲ ಕಡೆಗೆ ವಾಲುವುದಕ್ಕೆ ಎಂದು ಸ್ಥೂಲವಾಗಿ ತಿಳಿಯಬಹುದು. ಅವುಗಳಲ್ಲಿ ಒಂದು ಬಗೆಯ ದ್ರವವಿರುತ್ತದೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಆದರೆ ದ್ರವ ಹಿಂದುಳಿಯುತ್ತದೆ. ಹಿಂದುಳಿದ ದ್ರವವು ಅಲ್ಲಿರುವ ಸೂಕ್ಷ್ಮವಾದ ರೋಮಗಳನ್ನು ಬಾಗಿಸುತ್ತದೆ. ಆ ಬಾಗುವಿಕೆಯೇ ‘ತಿರುಗುತ್ತಿದ್ದೇನೆ’ ಎಂಬ ಅರಿವು. ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ, ನೀರಿನ ಮೇಲೆ ಒಂದು ಹುಲ್ಲುಕಡ್ಡಿಯನ್ನು ತೇಲಬಿಟ್ಟು, ಕುಂಬಾರನ ತಿಗರಿಯ ನಡುವೆ ಇಟ್ಟು ತಿರುಗಿಸಿರಿ. ಮೊದಲು ಪಾತ್ರೆ ಮಾತ್ರ ತಿರುಗುತ್ತದೆ, ಕಡ್ಡಿ ನಿಂತಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರೂ ಪಾತ್ರೆಯ ವೇಗಕ್ಕೆ ಬರುತ್ತದೆ. ಆಗ ಪಾತ್ರೆ, ನೀರು, ಕಡ್ಡಿ ಎಲ್ಲವೂ ಒಟ್ಟಾಗಿ ತಿರುಗುತ್ತವೆ. ಪಾತ್ರೆಯ ಅಂಚಿನಲ್ಲಿ ಕುಳಿತ ಇರುವೆಯೊಂದು ಆಗ ನೀರನ್ನು ನೋಡಿದರೆ ಅದಕ್ಕೆ ನೀರು ನಿಶ್ಚಲವೆಂದೇ ತೋರುವುದು. ಈಗ ತಿಗರಿಯನ್ನು ತಟ್ಟನೆ ನಿಲ್ಲಿಸಿರಿ. ಪಾತ್ರೆ ನಿಂತಿತು, ನೀರು ಸುತ್ತುತ್ತಲೇ ಇದೆ. ಇರುವೆಯ ಲೆಕ್ಕದಲ್ಲಿ ಈಗಲೇ ತಿರುಗುವಿಕೆ ಆರಂಭವಾಯಿತು!

ನಮ್ಮ ಕಿವಿಯೊಳಗೆ ನಡೆಯುವುದೂ ಇದೇ. ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡುಗಳ ಕಾಲ ತಿರುಗುತ್ತಿದ್ದರೆ, ತಿರುಗುತ್ತಿದ್ದೇವೆಂಬ ಅರಿವು ಅಳಿದುಹೋಗುತ್ತದೆ. ತಿರುಗುವುದು ನಿಂತೊಡನೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಹುಡುಗಿಯರು ಕೈಕೈ ಹಿಡಿದು ಫುಗಡಿ ಆಡಿ ನಿಂತಾಗ ಲೋಕವೆಲ್ಲ ಗಿರ್ರನೆ ಸುತ್ತುವುದು ಇದರಿಂದಲೇ. ಇನ್ನೊಂದು ವಿಶೇಷವೆಂದರೆ, ಅತಿ ಮೆಲ್ಲಗೆ ವಾಲಿದರೆ ದ್ರವವು ರೋಮಗಳನ್ನು ಅಲುಗಿಸುವುದೇ ಇಲ್ಲ. ವಾಲಿದ್ದು ತಿಳಿಯುವುದೇ ಇಲ್ಲ.

ಹಾಗಾದರೆ ಮೈಯ ಭಾರವಾದರೂ ಹೇಳಬಾರದೆ? ಅದೂ ಹೇಳುವುದಿಲ್ಲ. ಹಗ್ಗ ಕಟ್ಟಿದ ನೀರಿನ ತಂಬಿಗೆಯನ್ನು ವೇಗವಾಗಿ ತಲೆಯ ಮೇಲೆ ಬೀಸಿ ತಿರುಗಿಸಿದಾಗ ತಂಬಿಗೆ ತಲೆಕೆಳಗಾದರೂ ನೀರು ಚೆಲ್ಲುವುದಿಲ್ಲ. ನೀರಿಗೆ ತಂಬಿಗೆಯ ತಳವೇ ‘ಕೆಳಗು’. ನಮ್ಮ ಪ್ರಸಾದನಿಲಯದ ಮಕ್ಕಳು ಬಾವಿಕಟ್ಟೆಯ ಬಳಿ ಈ ಆಟವಾಡಿ ಬೈಸಿಕೊಳ್ಳುವುದನ್ನು ನೋಡಿದ್ದೇನೆ. ಒಂದು ಕಡೆಗೆ ವಾಲಿ ಸರಿಯಾಗಿ ಸುತ್ತು ಹಾಕುತ್ತಿರುವ ವಿಮಾನದಲ್ಲಿಯೂ ಹಾಗೆಯೇ. ಕುಳಿತವನ ಭಾರ ಆಸನದೊಳಕ್ಕೇ ನೇರವಾಗಿ ಬೀಳುತ್ತದೆ. ಲೋಟದ ನೀರು ಲೋಟದ ಅಂಚಿಗೆ ಸಮನಾಗಿಯೇ ನಿಲ್ಲುತ್ತದೆ. ಆದುದರಿಂದ ಕಿವಿಯೂ ಭಾರವೂ ಏಕಕಂಠದಿಂದ ‘ಸಮವಾಗಿ ಹಾರುತ್ತಿದ್ದೀಯೆ’ ಎಂದು ಸಾಕ್ಷಿ ಹೇಳುತ್ತವೆ. ಅದನ್ನು ಅಲ್ಲಗಳೆಯಬಲ್ಲ ಸಾಕ್ಷಿ ಕಣ್ಣೊಂದೇ. ಮೋಡದೊಳಗೆ ಅದೂ ಇಲ್ಲ.

ಈಗ ಒಂದು ರೆಕ್ಕೆ ಮೆಲ್ಲಗೆ ತಗ್ಗಿತೆನ್ನಿ. ಚಾಲಕನಿಗೆ ತಿಳಿಯಲಿಲ್ಲ. ವಾಲಿದ ವಿಮಾನವು ತಾನಾಗಿ ಸುತ್ತತೊಡಗುತ್ತದೆ, ಮೂತಿ ಇಳಿಯುತ್ತದೆ, ವೇಗ ಏರುತ್ತದೆ. ಗಾಳಿಯ ಸದ್ದು ಹೆಚ್ಚಿದ್ದನ್ನು ಕೇಳಿ, ಎತ್ತರ ಕಡಿಮೆಯಾಗುತ್ತಿರುವುದನ್ನು ಕಂಡು ಅವನು, ರೆಕ್ಕೆಗಳು ಸಮವಾಗಿಯೇ ಇವೆ, ಮೂತಿ ಮಾತ್ರ ಇಳಿದಿದೆ ಎಂದು ತಿಳಿದು ಚಾಲನದಂಡವನ್ನು ತನ್ನ ಕಡೆಗೆ ಎಳೆಯುತ್ತಾನೆ. ಸಮವಾಗಿದ್ದಾಗ ಅದರಿಂದ ವಿಮಾನ ಮೇಲೇರುವುದು. ವಾಲಿದಾಗ ಸುತ್ತು ಇನ್ನಷ್ಟು ಬಿಗಿಯಾಗುವುದು. ಮತ್ತೂ ಎಳೆಯುತ್ತಾನೆ, ಮತ್ತೂ ಬಿಗಿಯಾಗುತ್ತದೆ. ರೆಕ್ಕೆಗಳು ಒತ್ತಡ ತಾಳದೆ ಮುರಿಯುವವರೆಗೆ, ಇಲ್ಲವೆ ನೆಲ ತಾಗುವವರೆಗೆ ಈ ಸುಳಿ ಮುಗಿಯುವುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ‘ಗ್ರೇವ್‌ಯಾರ್ಡ್ ಸ್ಪೈರಲ್’ ಎಂದು ಹೆಸರು. ‘ಮಸಣದ ಸುಳಿ’ ಎಂದು ನಾನು ಕನ್ನಡಿಸಿಕೊಂಡಿದ್ದೇನೆ. ಸುಯೋಗದಿಂದ ಯಾರಾದರೂ ರೆಕ್ಕೆಯನ್ನು ಸಮಮಾಡಿದರೂ ಕಷ್ಟ ತೀರಲಿಲ್ಲ. ತಿಗರಿ ನಿಂತಾಗ ಇರುವೆಗೆ ಆದ ಅನುಭವ ಆಗ ಅವನಿಗಾಗುತ್ತದೆ. ಎದುರು ದಿಕ್ಕಿಗೆ ವಾಲಿದೆನೆಂದು ಭಾವಿಸಿ, ಅದನ್ನು ಸರಿಪಡಿಸಹೋಗಿ ಮತ್ತೆ ಅದೇ ಸುಳಿಗೆ ಮರಳುತ್ತಾನೆ.

ಇಲ್ಲಿ ಪ್ರಮಾಣಶಾಸ್ತ್ರದ ಮಾತು ಬರುತ್ತದೆ. ಪ್ರತ್ಯಕ್ಷ, ಅನುಮಾನ ಮೊದಲಾದ ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದೂ ಉಳಿದವು ಅದನ್ನು ಆಶ್ರಯಿಸಿ ಬದುಕುವುವೆಂದೂ ಹೇಳುವುದುಂಟು. ಆದರೆ ನೈಯಾಯಿಕರು ಪ್ರತ್ಯಕ್ಷಕ್ಕೆ ಲಕ್ಷಣ ಹೇಳುವಾಗ ‘ಅವ್ಯಭಿಚಾರಿ’ ಎಂಬ ವಿಶೇಷಣವನ್ನು ಸೇರಿಸಿದರು. ಇಂದ್ರಿಯಕ್ಕೆ ತೋರಿದ್ದೆಲ್ಲ ಪ್ರಮಾಣವಲ್ಲ, ತಪ್ಪದೆ ತೋರಿದ್ದು ಮಾತ್ರ ಪ್ರಮಾಣ. ವೇದಾಂತಿಗಳು ಭ್ರಮೆಯಲ್ಲಿ ಎರಡು ಬಗೆಯನ್ನು ಹೇಳಿದ್ದಾರೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಕಂಡವನು ದೀಪ ತಂದು ನೋಡಿದೊಡನೆ ಹಾವು ಮಾಯವಾಗುತ್ತದೆ. ಮತ್ತೆ ಹಾವಾಗಿ ಕಾಣುವುದಿಲ್ಲ. ಇದು ನಿರುಪಾಧಿಕ ಭ್ರಮೆ. ಕೆಂಪು ದಾಸವಾಳದ ಬಳಿ ಇಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಅದು ಬೆಳ್ಳಗಿದೆಯೆಂದು ತಿಳಿದ ಮೇಲೂ, ಹೂವು ಅಲ್ಲಿರುವವರೆಗೆ, ಕೆಂಪಾಗಿಯೇ ಕಾಣುತ್ತಿರುತ್ತದೆ. ಇದು ಸೋಪಾಧಿಕ ಭ್ರಮೆ. ಮೋಡದೊಳಗಿನ ಚಾಲಕನ ಭ್ರಮೆ ಈ ಎರಡನೆಯ ಜಾತಿಯದು. ‘ನನ್ನ ಕಿವಿ ಸುಳ್ಳು ಹೇಳುತ್ತಿದೆ’ ಎಂದು ಪುಸ್ತಕದಿಂದ ಕಲಿತು ಬಂದಿದ್ದರೂ ಕಿವಿ ಸುಳ್ಳು ಹೇಳುವುದನ್ನು ಬಿಡುವುದಿಲ್ಲ. ತಿಳಿವಳಿಕೆಯಿಂದ ಈ ಭ್ರಮೆ ತೊಲಗದು. ಮೈಯೆಲ್ಲವೂ ಒಂದು ಹೇಳುತ್ತಿರುವಾಗ ಕೈಗಳು ಇನ್ನೊಂದನ್ನು ಮಾಡುವಂತೆ ಅವನ್ನು ಪಳಗಿಸಿರಬೇಕು. ತಿಳಿದವನಿಗೂ ಪಳಗಿದವನಿಗೂ ಇರುವ ಈ ಅಂತರವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಅಮೆರಿಕೆಯ ಸೈನ್ಯದಲ್ಲಿ ವಿಲಿಯಂ ಓಕರ್ ಎಂಬ ಹಳೆಯ ಚಾಲಕನಿದ್ದನು. ೧೯೨೬ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಕ್ರಿಸೀ ಫೀಲ್ಡ್ ಎಂಬಲ್ಲಿ ಸೈನ್ಯದ ವೈದ್ಯರು ಅವನನ್ನು ಪರೀಕ್ಷೆಗಾಗಿ ಸುತ್ತುವ ಕುರ್ಚಿಯೊಂದರಲ್ಲಿ ಕೂರಿಸಿದರು. ಒಳಗಿವಿಯ ವ್ಯಾಪಾರವನ್ನು ಶೋಧಿಸಿ ೧೯೧೪ರ ನೊಬೆಲ್ ಪಾರಿತೋಷಕವನ್ನು ಪಡೆದ ರಾಬರ್ಟ್ ಬಾರಾನಿಯ ಹೆಸರಿನ ಕುರ್ಚಿ ಅದು. ಕಣ್ಣು ಮುಚ್ಚಿಸಿ ತಿರುಗಿಸಿ, ಯಾವ ಕಡೆಗೆ ತಿರುಗುತ್ತಿದ್ದೀಯೆ ಎಂದು ಕೇಳಿದರು. ಮೊದಲು ಸರಿಯಾಗಿ ಹೇಳಿದನು. ಕುರ್ಚಿಯ ವೇಗ ತಗ್ಗಿದಾಗ ನಿಂತಿತೆಂದನು. ನಿಂತಾಗ ಹಿಂದುಮುಂದಾಗಿ ತಿರುಗುತ್ತಿದೆಯೆಂದನು. ಅಷ್ಟು ವರ್ಷ ಹಾರಿದವನಿಗೆ ಇದರಿಂದ ಅವಮಾನವಾದಂತಾಯಿತು. ಆದರೆ ಅವನು ಜಗಳವಾಡದೆ ಮನೆಗೆ ಹೋಗಿ ಯೋಚಿಸಿದನು. ಮರಳಿ ಬರುವಾಗ ಒಂದು ಪೆಟ್ಟಿಗೆಯನ್ನು ತಂದನು. ಅದರೊಳಗೆ ವಿಮಾನದ ತಿರುವುಸೂಚಕ ಉಪಕರಣವನ್ನೂ ಸಣ್ಣ ದೀಪವನ್ನೂ ಇರಿಸಿದ್ದನು. ಪೆಟ್ಟಿಗೆಗೆ ಕಣ್ಣಿಟ್ಟು ಕುಳಿತು, ಎಷ್ಟು ಬಾರಿ ಹೇಗೆ ತಿರುಗಿಸಿದರೂ ತಪ್ಪದೆ ಹೇಳಿದನು. ಅವನ ಕಿವಿಗೆ ಆಗಲೂ ಭ್ರಮೆ ಆಗುತ್ತಲೇ ಇತ್ತು. ಅವನು ಅದನ್ನು ಕೇಳಲಿಲ್ಲ, ಅಷ್ಟೆ.

ಮೂರು ವರ್ಷಗಳ ಅನಂತರ, ೧೯೨೯ರ ಸೆಪ್ಟೆಂಬರ್ ೨೪ರಂದು, ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟ್ಲ್ ಎಂಬವನು ಹೊರಗಿನದೇನೂ ಕಾಣದಂತೆ ಮುಸುಕು ಹಾಕಿದ ಆಸನದಲ್ಲಿ ಕುಳಿತು ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿದನು. ಅಪಾಯ ಒದಗಿದರೆ ಸಹಾಯಕ್ಕೆಂದು ಇನ್ನೊಬ್ಬ ಅಧಿಕಾರಿ ಮುಂದಿನ ಆಸನದಲ್ಲಿದ್ದರೂ ಅವನು ಕೈ ಹಾಕಬೇಕಾಗಲಿಲ್ಲ. ಡೂಲಿಟ್ಲನ ಎದುರಿಗಿದ್ದ ಉಪಕರಣಗಳಲ್ಲಿ ಮುಖ್ಯವಾದುದು ‘ಕೃತಕ ಕ್ಷಿತಿಜ’. ವೇಗವಾಗಿ ತಿರುಗುವ ಬುಗುರಿ ತನ್ನ ಅಚ್ಚನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂಬುದು ಎಲ್ಲ ಹುಡುಗರಿಗೂ ಗೊತ್ತು. ಅಂತಹ ಬುಗುರಿಯೊಂದು ಉಪಕರಣದೊಳಗೆ ಸುತ್ತುತ್ತಿರುತ್ತದೆ. ವಿಮಾನ ಹೇಗೆ ವಾಲಿದರೂ ಅದು ಮಾತ್ರ ನೆಟ್ಟಗಿದ್ದು, ಗಾಜಿನ ಹಿಂದೆ ದಿಗಂತದ ಗೆರೆಯನ್ನು ತೋರಿಸುತ್ತಿರುತ್ತದೆ. ಹೊರಗಿನ ದಿಗಂತ ಮರೆಯಾದಾಗ ಚಾಲಕನು ಅಂಗೈಯಗಲದ ಈ ದಿಗಂತದಲ್ಲಿ ದೃಷ್ಟಿ ನೆಡಬೇಕು. ಇಂದ್ರಿಯಗಳು ಎಳೆದತ್ತ ಹೋಗದೆ ಅಂಗೈಯ ಕುರುಹಿನಲ್ಲಿ ದೃಷ್ಟಿ ನಿಲ್ಲಿಸುವ ಶರಣರ ಸಾಧನೆ ನಮ್ಮ ಮಕ್ಕಳಿಗೆ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ; ಹೋಲಿಕೆಯನ್ನು ಬಹಳ ದೂರ ಒಯ್ಯಬಾರದೆಂಬುದೂ ನಿಜ.

೧೯೫೪ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಉಪಕರಣಕ್ರಮದ ಅಭ್ಯಾಸವಿಲ್ಲದ ಇಪ್ಪತ್ತು ಜನ ಚಾಲಕರನ್ನು ಆರಿಸಿ, ಪಕ್ಕದಲ್ಲಿ ಶಿಕ್ಷಕನನ್ನು ಕೂರಿಸಿ, ಹಾರುವಾಗ ಹೊರಗಿನದು ಕಾಣದಂತೆ ಮಾಡಿ, ಎಷ್ಟು ಹೊತ್ತು ವಿಮಾನವನ್ನು ಹತೋಟಿಯಲ್ಲಿಡುವರೆಂದು ನೋಡಿದರು. ಇಪ್ಪತ್ತರಲ್ಲಿ ಒಬ್ಬನೂ ಉಳಿಯಲಿಲ್ಲ. ಹತ್ತೊಂಬತ್ತು ಜನ ಮಸಣದ ಸುಳಿಗೆ ಬಿದ್ದರು. ಒಬ್ಬನು ಮೂತಿಯನ್ನು ಅತಿಯಾಗಿ ಮೇಲೆತ್ತಿ ವೇಗ ಕಳೆದುಕೊಂಡನು. ಒಬ್ಬನಿಗೆ ೨೦ ಸೆಕೆಂಡು ಸಾಕಾಯಿತು. ಬಹಳ ಹೊತ್ತು ತಡೆದವನು ೮ ನಿಮಿಷ. ಸರಾಸರಿ ತೆಗೆದಾಗ ೧೭೮ ಸೆಕೆಂಡು, ಎಂದರೆ ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಶಿಕ್ಷಕನು ಪಕ್ಕದಲ್ಲಿದ್ದುದರಿಂದ ಎಲ್ಲರೂ ನೆಲಕ್ಕೆ ಸುಖವಾಗಿ ಇಳಿದರು.

ಶಿಕ್ಷಕನಿಲ್ಲದಿದ್ದಾಗ ಆಗುವುದೇನೆಂಬುದಕ್ಕೆ ೧೯೫೯ರ ಫೆಬ್ರವರಿ ೩ರ ನಡುರಾತ್ರಿ ಅಯೋವಾ ಸಂಸ್ಥಾನದಲ್ಲಿ ನಡೆದ ಘಟನೆ ನಿದರ್ಶನ. ಬಡಿ ಹಾಲಿ, ರಿಚೀ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್ ಎಂಬ ಮೂವರು ಜನಪ್ರಿಯ ಗಾಯಕರು ಚಳಿಗಾಲದ ಸಂಚಾರದಲ್ಲಿದ್ದರು. ಅವರಿಗೆ ಕ್ರಮವಾಗಿ ೨೨, ೧೭, ೨೮ ವಯಸ್ಸು. ಮೇಳದವರು ಪ್ರಯಾಣಮಾಡುತ್ತಿದ್ದ ಬಸ್ಸಿನಲ್ಲಿ ಬೆಚ್ಚಗಿಡುವ ಯಂತ್ರ ಕೆಟ್ಟಿತ್ತು. ವಾದ್ಯಗಾರನೊಬ್ಬನು ಕಾಲು ಹಿಮಗಟ್ಟಿ ಆಸ್ಪತ್ರೆ ಸೇರಿದ್ದನು. ಕ್ಲಿಯರ್ ಲೇಕ್ ಎಂಬ ಊರಿನ ಕಾರ್ಯಕ್ರಮ ಮುಗಿಸಿ ಮಿನ್ನೆಸೋಟಾದ ಮೂರ್‌ಹೆಡ್ ಊರಿಗೆ ಹೋಗಬೇಕಾಗಿತ್ತು. ಬಸ್ಸಿನ ಕಷ್ಟ ತಪ್ಪಿಸಿಕೊಳ್ಳಲು ಹಾಲಿಯು ತಲೆಗೆ ೩೬ ಡಾಲರಿನಂತೆ ಒಂದು ಸಣ್ಣ ವಿಮಾನವನ್ನು ಗೊತ್ತುಮಾಡಿದನು. ಜ್ವರ ಬಂದಿದ್ದ ರಿಚರ್ಡ್‌ಸನ್ನನಿಗೆ ಮೇಳದವನೊಬ್ಬನು ತನ್ನ ಸ್ಥಾನ ಬಿಟ್ಟುಕೊಟ್ಟನು. ವ್ಯಾಲೆನ್ಸನು ನಾಣ್ಯ ಚಿಮ್ಮಿ ಗೆದ್ದು ಸ್ಥಾನ ಪಡೆದನು.

ಚಾಲಕ ರೋಜರ್ ಪೀಟರ್‌ಸನ್ ೨೧ ವರ್ಷದ ತರುಣ. ೭೧೧ ಗಂಟೆಗಳ ಹಾರಾಟದ ಅನುಭವ ಅವನಿಗಿತ್ತು. ಉಪಕರಣಕ್ರಮದಲ್ಲಿ ಶಿಕ್ಷಕನೊಡನೆ ೫೨ ಗಂಟೆ ಅಭ್ಯಾಸಮಾಡಿದ್ದನು. ಅದರ ಬರಹದ ಪರೀಕ್ಷೆಯಲ್ಲಿ ತೇರ್ಗಡೆಯನ್ನೂ ಹೊಂದಿದ್ದನು. ಆದರೆ ಹಿಂದಿನ ವರ್ಷದ ಮಾರ್ಚಿಯಲ್ಲಿ ನಡೆದ ಹಾರಾಟದ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದನು. ಹೊರಡುವ ಮುನ್ನ ಹವೆಯ ವರದಿಯನ್ನು ಒಂದಲ್ಲ, ಹಲವು ಬಾರಿ ಕೇಳಿದನೆಂಬುದನ್ನು ಮರೆಯಬಾರದು. ಅವನು ಅಲಕ್ಷ್ಯದ ಹುಡುಗನಲ್ಲ. ದಾರಿಯಲ್ಲಿ ಹವೆ ಕೆಡುವುದೆಂಬ ವಿಶೇಷ ಎಚ್ಚರಿಕೆಗಳು ಪ್ರಕಟವಾಗಿದ್ದರೂ ಅವುಗಳನ್ನು ಅವನಿಗೆ ತಿಳಿಸಲಿಲ್ಲ. ರಾತ್ರಿ ೧೨ ಗಂಟೆ ೫೫ ನಿಮಿಷಕ್ಕೆ ಮೇಸನ್ ಸಿಟಿ ವಿಮಾನನಿಲ್ದಾಣದಿಂದ ವಿಮಾನ ಮೇಲೆದ್ದಿತು. ತೆಳುವಾಗಿ ಹಿಮ ಬೀಳುತ್ತಿತ್ತು. ಆರು ಮೈಲಿ ದೂರ ಕಾಣುತ್ತದೆ, ಮೂರು ಸಾವಿರ ಅಡಿಯವರೆಗೆ ತೆರಪಿದೆ ಎಂಬುದು ಆಗಿನ ವರದಿ. ನಿಯಮದ ಮಟ್ಟಿಗೆ ದೃಷ್ಟಿಕ್ರಮದಲ್ಲಿ ಹಾರಬಹುದಾದ ಹವೆಯೇ ಅದು. ಆದರೆ ನಿಲ್ದಾಣದ ದೀಪಗಳನ್ನು ದಾಟಿದರೆ ಮುಂದೆ ಹಿಮ ಮುಚ್ಚಿದ ಹೊಲಗಳು, ಬೆಳಕು ಅತಿ ವಿರಳ, ಮೇಲೆ ನಕ್ಷತ್ರವಿಲ್ಲ. ಮೋಡದೊಳಗಿದ್ದರೂ ಒಂದೇ, ಅಲ್ಲಿದ್ದರೂ ಒಂದೇ.

ವಿಮಾನದ ಒಡೆಯನು ನಿಲ್ದಾಣದಲ್ಲಿ ನಿಂತು ಬಾಲದ ದೀಪವನ್ನು ನೋಡುತ್ತಿದ್ದನು. ಅದು ದೂರ ಹೋಗುತ್ತ ಹೋಗುತ್ತ ಮೆಲ್ಲನೆ ಇಳಿದು ಕಣ್ಮರೆಯಾಯಿತು. ರೇಡಿಯೋದಲ್ಲಿ ಕರೆದರೆ ಉತ್ತರ ಬರಲಿಲ್ಲ. ಬೆಳಿಗ್ಗೆ ಅವನೇ ಇನ್ನೊಂದು ವಿಮಾನದಲ್ಲಿ ಹುಡುಕುತ್ತ ಹೋದಾಗ ನಿಲ್ದಾಣದಿಂದ ಆರು ಮೈಲಿಗೂ ಕಡಿಮೆ ದೂರದ ಹೊಲವೊಂದರಲ್ಲಿ ಮುರಿದ ವಿಮಾನ ಕಂಡಿತು. ಬಲಗಡೆಯ ರೆಕ್ಕೆ ಮೊದಲು ನೆಲ ತಾಗಿತ್ತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ನಾಲ್ವರೂ ತತ್‌ಕ್ಷಣವೇ ಮೃತರಾಗಿದ್ದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಿದ್ದ ಅಧಿಕೃತ ವಿಚಾರಣೆಯ ವರದಿಯಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಆ ವಿಮಾನದಲ್ಲಿದ್ದ ದಿಗಂತಸೂಚಕವು ಪೀಟರ್‌ಸನ್ನನು ಅಭ್ಯಾಸಮಾಡಿದ್ದ ಬಗೆಯದಾಗಿರಲಿಲ್ಲ. ಸ್ಪೆರಿ ಸಂಸ್ಥೆಯ ಬೇರೊಂದು ಮಾದರಿಯದಾದ ಅದರಲ್ಲಿ ಏರಿಳಿತದ ಸೂಚನೆ ಸಾಮಾನ್ಯವಾದುದಕ್ಕೆ ವಿರುದ್ಧವಾಗಿ ತೋರುತ್ತಿತ್ತು. ಆದುದರಿಂದ ವಿಮಾನವು ಇಳಿಯುತ್ತಿರುವಾಗ ಏರುತ್ತಿದೆಯೆಂದು ಅವನು ಓದಿಕೊಂಡಿರಬಹುದೆಂದು ವರದಿ ಊಹಿಸುತ್ತದೆ. ಸಂಸ್ಕೃತದಲ್ಲಿ ‘ಆರಾತ್’ ಎಂಬ ಅವ್ಯಯಕ್ಕೆ ‘ದೂರ’ ಎಂದೂ ‘ಹತ್ತಿರ’ ಎಂದೂ ಅರ್ಥವಿದೆ. ಸಂದರ್ಭ ಗೊತ್ತಿರುವ ಓದುಗನಿಗೆ ಅದರಿಂದ ಹಾನಿಯಿಲ್ಲ. ಪೀಟರ್‌ಸನ್ನನಿಗೆ ಸಂದರ್ಭ ತಿಳಿಸುವ ಕಿಟಕಿ ಕಪ್ಪಾಗಿತ್ತು. ಅವನ ಕೈಗೆ ಸಿಕ್ಕ ಒಂದೇ ಆಪ್ತವಾಕ್ಯವನ್ನು ಅವನು ಬೇರೆ ವ್ಯಾಕರಣದಲ್ಲಿ ಕಲಿತಿದ್ದನು. ಉಪಕರಣಗಳನ್ನೇ ಅವಲಂಬಿಸಬೇಕಾದ ಹಾರಾಟಕ್ಕೆ ಅರ್ಹತೆಯಿಲ್ಲದೆ ಹೊರಟ ಅವನ ನಿರ್ಧಾರವೇ ಅಪಘಾತಕ್ಕೆ ಕಾರಣವೆಂದು ವರದಿ ತೀರ್ಮಾನಿಸಿತು. ಉಪಕರಣದ ಅಪರಿಚಯವನ್ನೂ ಹವೆಯ ವರದಿಯಲ್ಲಿನ ಕೊರತೆಯನ್ನೂ ಪೋಷಕ ಕಾರಣಗಳೆಂದಿತು. ತೀರ್ಪು ನ್ಯಾಯವಾದುದೇ. ಆದರೂ ಎಚ್ಚರಿಕೆಯನ್ನು ಹೇಳದೆ ಬಿಟ್ಟವರ ಪಾಲು ಪೋಷಕ ಮಾತ್ರವೇ ಎಂದು ನನಗನ್ನಿಸುವುದುಂಟು.

ನಲವತ್ತು ವರ್ಷಗಳ ಮೇಲೆ, ೧೯೯೯ರ ಜುಲೈ ೧೬ರ ರಾತ್ರಿ, ಹಿಂದಿನ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಕಿರಿಯನು ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ತನ್ನ ವಿಮಾನದಲ್ಲಿ ಹೊರಟನು. ಪತ್ನಿಯೂ ಆಕೆಯ ಅಕ್ಕನೂ ಜೊತೆಗಿದ್ದರು. ಅವನದು ಸುಮಾರು ೩೧೦ ಗಂಟೆಗಳ ಅನುಭವ. ಉಪಕರಣಕ್ರಮದ ಶಿಕ್ಷಣ ಅರ್ಧದಲ್ಲಿತ್ತು. ಶಿಕ್ಷಕನೊಬ್ಬನು ಜೊತೆಗೆ ಬರುತ್ತೇನೆಂದರೂ ಒಬ್ಬನೇ ಹಾರಿಸುವೆನೆಂದನು. ಆ ರಾತ್ರಿ ಮೋಡವೂ ಅಡ್ಡಬರಲಿಲ್ಲ, ಬರಿಯ ಮಬ್ಬು. ಕರಾವಳಿಯ ದೀಪಗಳನ್ನು ಬಿಟ್ಟು ಕಡಲ ಮೇಲೆ ಹೊರಳಿದಾಗ, ಮಬ್ಬಿನಲ್ಲಿ ನೀರೂ ಆಕಾಶವೂ ಒಂದೇ ಬಣ್ಣವಾಗಿ ದಿಗಂತ ಅಳಿಯಿತು. ರೇಡಾರಿನಲ್ಲಿ ಉಳಿದ ದಾಖಲೆಯಂತೆ ವಿಮಾನವು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿ, ಕೊನೆಯಲ್ಲಿ ನಿಮಿಷಕ್ಕೆ ೪,೭೦೦ ಅಡಿಗೂ ಮಿಕ್ಕ ವೇಗದಲ್ಲಿ ಇಳಿದು ಕಡಲಿಗೆ ಬಿದ್ದಿತು. ವಿಮಾನದಲ್ಲಿ ದೋಷ ಕಂಡುಬರಲಿಲ್ಲ. ಕಾರಣ ದಿಗ್ಭ್ರಮೆಯೆಂದೇ ಬರೆದರು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅಕ್ಷರಶಃ ಉದಾಹರಣೆಯಾಗುವ ಸಂಗತಿ ೨೦೨೦ರ ಜನವರಿ ೨೬ರಂದು ಕ್ಯಾಲಿಫೋರ್ನಿಯದ ಕಲಬಾಸಸ್ ಬೆಟ್ಟಗಳಲ್ಲಿ ನಡೆಯಿತು. ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟನೂ ಅವನ ಮಗಳೂ ಸೇರಿ ಒಂಬತ್ತು ಜನ ಆ ಹೆಲಿಕಾಪ್ಟರಿನಲ್ಲಿದ್ದರು. ಚಾಲಕನಿಗೆ ಉಪಕರಣಕ್ರಮದ ಅರ್ಹತೆಯಿತ್ತು. ಆದರೆ ಆ ದಿನ ದೃಷ್ಟಿಕ್ರಮದಲ್ಲಿ ಹಾರುತ್ತ ಮೋಡ ಹೊಕ್ಕನು. ಮೋಡದ ಮೇಲಕ್ಕೆ ನಾಲ್ಕು ಸಾವಿರ ಅಡಿಗೆ ಏರುತ್ತಿದ್ದೇನೆಂದು ಅವನು ನಿಯಂತ್ರಣದವರಿಗೆ ಹೇಳುತ್ತಿದ್ದ ಆ ಗಳಿಗೆಯಲ್ಲಿ ಹೆಲಿಕಾಪ್ಟರು ಎಡಕ್ಕೆ ಸುತ್ತುತ್ತ ರಭಸದಿಂದ ಇಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ತೋರಿದ್ದನ್ನೇ ಹೇಳಿದನು.

ನಮ್ಮ ನೆರೆಯಲ್ಲಿಯೇ, ೨೦೨೧ರ ಡಿಸೆಂಬರ್ ೮ರಂದು, ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಹೋಗುತ್ತಿದ್ದ ವಾಯುಸೇನೆಯ ಹೆಲಿಕಾಪ್ಟರು ನೀಲಗಿರಿಯ ಕೂನೂರಿನ ಬಳಿ ಅಪಘಾತಕ್ಕೀಡಾಗಿ, ಜನರಲ್ ಬಿಪಿನ್ ರಾವತ್ತರೂ ಸೇರಿ ಹದಿನಾಲ್ಕು ಜನ ಮೃತರಾದರು. ಅವರಲ್ಲಿ ಕೊನೆಯವರು ಒಂದು ವಾರ ಜೀವ ಹಿಡಿದಿದ್ದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ದೊಡ್ಡ ಯಂತ್ರ. ಚಾಲಕರು ಸರ್ವಶಿಕ್ಷಣವನ್ನು ಪಡೆದವರು. ಆದರೂ ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಮೋಡ ಹೊಕ್ಕು, ದಿಗ್ಭ್ರಮೆಯುಂಟಾಗಿ ನೆಲಕ್ಕೆ ತಾಗಿತೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಬೆಂಗಳೂರಿನಲ್ಲಿರುವ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಚಾಲಕರಿಗೆ ಈ ಭ್ರಮೆಯನ್ನು ನೆಲದ ಮೇಲೆಯೇ ಯಂತ್ರದಲ್ಲಿ ಕೂರಿಸಿ ಉಂಟುಮಾಡಿ ತೋರಿಸುವ ಕ್ರಮವಿದೆ.

ಹೀಗಿದ್ದೂ ಮೋಡದೊಳಕ್ಕೆ ಹೋಗುವುದೇಕೆ? ಹೋಗಬೇಕೆಂದು ಹೋಗುವವರು ಕಡಿಮೆ. ಬೆಳಕು ಒಮ್ಮೆಗೇ ಆರುವುದಿಲ್ಲ. ಹತ್ತು ಮೈಲಿ ಕಾಣುತ್ತಿದ್ದುದು ಎಂಟಾಗುತ್ತದೆ, ಆರಾಗುತ್ತದೆ, ಇಷ್ಟು ಕಂಡರೆ ಸಾಕೆನ್ನಿಸುತ್ತದೆ. ಮೋಡದ ಕೆಳಗೆ ಇಳಿದಿಳಿದು ಹಾರುತ್ತ ಗುಡ್ಡದ ನೆತ್ತಿಗೆ ತಗಲುವವರೂ ಉಂಟು. ಮುಕ್ಕಾಲು ದಾರಿ ಸಂದಿತು, ಕಾಯುತ್ತಿರುವವರಿದ್ದಾರೆ, ಮದುವೆಯಿದೆ, ಸಭೆಯಿದೆ. ಹೊರಟ ಕಾರ್ಯವನ್ನು ಅರ್ಧಕ್ಕೆ ಬಿಡುವುದು ಅಪಕೀರ್ತಿಯೆಂದು ನಾವೇ ಮಕ್ಕಳಿಗೆ ಪಾಠ ಹೇಳುತ್ತೇವೆ. ನೀತಿಪಾಠಗಳಲ್ಲಿ ಹಿಂದಿರುಗಿದವನ ಕಥೆ ಒಂದಾದರೂ ಇದೆಯೇ ಎಂದು ಹುಡುಕಿದೆನು. ನನಗೆ ಬೇಗನೆ ಸಿಗಲಿಲ್ಲ.

ಇಲಿನಾಯಿಯ ಪ್ರಯೋಗದ ಉತ್ತರಾರ್ಧವನ್ನು ಹೇಳುವುದು ಉಳಿದಿದೆ. ಆ ಇಪ್ಪತ್ತು ಜನರಿಗೆ ಅನಂತರ ಕೆಲವು ಗಂಟ���ಗಳ ಪಾಠ ನಡೆಯಿತು. ಅವರನ್ನು ಉಪಕರಣಕ್ರಮದ ವಿದ್ವಾಂಸರನ್ನಾಗಿ ಮಾಡುವುದು ಉದ್ದೇಶವಾಗಿರಲಿಲ್ಲ. ಒಂದೇ ಒಂದು ಕೆಲಸವನ್ನು ಕಲಿಸಿದರು. ಕಾಣದಾದೊಡನೆ ಚಾಲನದಂಡದಿಂದ ಕೈ ತೆಗೆಯುವುದು. ಹೆದರಿದ ಕೈಯೇ ಸುಳಿಯನ್ನು ಬಿಗಿಯುವುದು. ಬಿಟ್ಟರೆ ವಿಮಾನ ಬಹುಮಟ್ಟಿಗೆ ತಾನೇ ಸಮನಾಗಿರುತ್ತದೆ. ಬಳಿಕ ಚಕ್ರಗಳನ್ನು ಇಳಿಸಿ ವೇಗವನ್ನು ತಗ್ಗಿಸುವುದು. ಬಳಿಕ ತಿರುವುಸೂಚಕದ ಮುಳ್ಳೊಂದರ ಮೇಲೆಯೇ ಕಣ್ಣಿಟ್ಟು, ಪಾದದಿಂದ ಮೆಲ್ಲಮೆಲ್ಲನೆ ಒತ್ತುತ್ತ, ೧೮೦ ಅಂಶ ತಿರುಗುವುದು. ಮತ್ತೆ ಪರೀಕ್ಷಿಸಿದಾಗ, ಮೊದಲು ಮೂರು ನಿಮಿಷ ತಾಳಲಾರದಿದ್ದ ಅದೇ ಜನರು, ಹೊರಗೆ ಏನೂ ಕಾಣದಿದ್ದರೂ, ಹೆಚ್ಚುಕಡಿಮೆ ಎಲ್ಲ ಪ್ರಯತ್ನಗಳಲ್ಲಿಯೂ ವಿಮಾನವನ್ನು ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲಿ ಸಮವಾಗಿ ಹಾರಿಸಿದರು.